ಯಾಯೇಲ ಅಂದರೆ ಮೇಕೆ

ಹೆಸರಿಡುವ ವಿಷಯದಲ್ಲಿ ಅಪ್ಪ ತಲೆ ಕೆಡಿಸಿಕೊಂಡವನಲ್ಲ. ಬೇಕರಿಯ ಒಲೆ ನೋಡಿಕೊಳ್ಳುತ್ತಿದ್ದ ಆತ, ಹೆಣ್ಣು ಹುಟ್ಟಿದ ಸುದ್ದಿ ಬಂದಾಗ ಹಿಟ್ಟಿನ ಕೈಯಲ್ಲೇ ಬೈಬಲ್ ತೆರೆದು, ಕಣ್ಣು ಮುಚ್ಚಿ ಬೆರಳಿಟ್ಟ. ಸಿಕ್ಕಿದ್ದು ‘ಯಾಯೇಲ’. “ಕೇಳೋಕೆ ಚೆನ್ನಾಗಿದೆ” ಎಂದು ಪುಸ್ತಕ ಮುಚ್ಚಿಟ್ಟ. ಮುಂದಿನ ಸಾಲು ಓದುವ ಉಸಾಬರಿಗೆ ಹೋಗಲಿಲ್ಲ.

ಹತ್ತು ವರ್ಷದ ಮೇಲೆ, ಭಾನುವಾರದ ತರಗತಿಯ ಟೀಚರಮ್ಮ ಎಲ್ಲ ಮಕ್ಕಳ ಹೆಸರಿಗೂ ಅರ್ಥ ಹೇಳುತ್ತಾ ಬಂದರು. ಒಬ್ಬಳು ಕೃಪೆ, ಇನ್ನೊಬ್ಬಳು ರಾಜಕುಮಾರಿ. ಇವಳ ಸರದಿ ಬಂದಾಗ ಕೆಮ್ಮಿ, “ನೀನು... ಬೆಟ್ಟದ ಮೇಕೆ” ಎಂದರು. ಅವತ್ತಿನಿಂದ ಇವಳು ಬೀದಿಗೆ ಕಾಲಿಟ್ಟರೆ ಸಾಕು, ನಾಲ್ಕೂ ದಿಕ್ಕಿನಿಂದ “ಮ್ಯಾ!”

ಅಳುತ್ತಾ ಪಾದ್ರಿಯ ಬಳಿ ಹೋಗಿ, ಹೆಸರು ಬದಲಾಯಿಸಿ ಎಂದಳು.

“ಅಳಬೇಡಮ್ಮ. ಆ ಯಾಯೇಲ ದೊಡ್ಡ ಸಾಹಸದ ಹೆಂಗಸು. ಯುದ್ಧದಲ್ಲಿ ಸೋತ ಶತ್ರು ಸೇನಾಪತಿ ಅವಳ ಗುಡಾರಕ್ಕೆ ಓಡಿಬಂದ. ನೀರು ಕೇಳಿದವನಿಗೆ ಹಾಲು ಕೊಟ್ಟು, ಕಂಬಳಿ ಹೊದಿಸಿ ಮಲಗಿಸಿದಳು.”

“ಆಮೇಲೆ?”

ಪಾದ್ರಿ ಕಿಟಕಿಯತ್ತ ನೋಡಿದರು. “ಆಮೇಲೆ ಸುತ್ತಿಗೆ ತಗೊಂಡು, ಅವನ ತಲೆಗೆ ಗುಡಾರದ ಗೂಟ ಹೊಡೆದಳು.”

ಹುಡುಗಿಯ ಅಳು ಗಕ್ಕನೆ ನಿಂತಿತು. “ಬದಲಾಯಿಸೋದು ಬೇಡ ಬಿಡಿ.”

ದೊಡ್ಡವಳಾಗಿ, ಹಳೆ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ಸೇರಿದಳು. ತುಟಿಯಲ್ಲಿ ಮೊಳೆ ಕಚ್ಚಿಕೊಂಡು ಒಂದೇ ಏಟಿಗೆ ಜಡಿಯುವ ಇವಳನ್ನು ನೋಡಿ, ಎದುರಂಗಡಿಯ ಗಡಿಯಾರ ರಿಪೇರಿಯವನು ಮರುಳಾದ. ಆದರೆ ಅವನ ತಾಯಿ ಬೈಬಲ್ಲಿನ ಎಲ್ಲ ಸಾಲುಗಳನ್ನೂ ಓದಿದವಳು.

“ಬೇರೆ ಹೆಸರು ಇಟ್ಟುಕೊಂಡರೆ ಮಾತ್ರ ಮದುವೆ. ನನ್ನ ಮಗ ಮಲಗೋದಾದ್ರೂ ಹೇಗೆ?”

“ನಿಮ್ಮ ಮಗ ಯಾವ ದಂಡಿನ ಸೇನಾಪತಿ ಅಮ್ಮಾ? ಅಲಾರಂ ಸರಿಮಾಡೋರಿಗೆ ಒಂದು ಗೂಟ ಯಾಕೆ ದಂಡ ಮಾಡಲಿ?”

ಮಗ ಬಿದ್ದು ಬಿದ್ದು ನಕ್ಕ. ಮದುವೆಯಾಯಿತು. ಅತ್ತೆ ಮಾತ್ರ ಮನೆಯ ಸುತ್ತಿಗೆಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂರು ತಿಂಗಳಲ್ಲಿ ಆ ಸೊಂಟವೇ ಕೈಕೊಟ್ಟಿತು. ಬಚ್ಚಲಲ್ಲಿ ಜಾರಿ ಬಿದ್ದ ಅತ್ತೆಗೆ ಕೂರಲೂ ಆಗದು, ಮಲಗಲೂ ಆಗದು. “ನಿಮಗೆ ಒಪ್ಪೋ ಕುರ್ಚಿ ನಾನೇ ಮಾಡಿಕೊಡ್ತೀನಿ ಅತ್ತೆ, ಸುತ್ತಿಗೆ ಕೊಡಿ” ಎಂದಳು ಸೊಸೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಕೀಲಿ ಚಾಚಿದಳು. ಸಂಜೆಯ ಹೊತ್ತಿಗೆ ಕುರ್ಚಿಯಲ್ಲಿ ಒರಗಿ, “ಪರವಾಗಿಲ್ಲ” ಎಂದಳು. ಅವಳ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ಮೊಮ್ಮಗಳು ಹುಟ್ಟಿದಾಗ ಹೆಸರಿನ ಹೊಣೆಯನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಯಾರ ರಕ್ತವನ್ನೂ ಹರಿಸದ ಹೆಂಗಸಿಗಾಗಿ ಎರಡು ವಾರ ಬೈಬಲ್ ಹುಡುಕಿದಳು. “ರೋದೆ! ಗುಲಾಬಿ ಅಂತ ಅರ್ಥ. ಸೆರೆಮನೆಯಿಂದ ಬಿಡುಗಡೆಯಾದ ಪೇತ್ರ ಬಂದು ಕದ ತಟ್ಟಿದರೆ, ಖುಷಿಯಲ್ಲಿ ಬಾಗಿಲು ತೆಗೆಯೋದನ್ನೇ ಮರೆತು ಒಳಗೆ ಓಡಿದಳಂತೆ. ಅಷ್ಟೇ, ಪಾಪ.”

ದೀಕ್ಷಾಸ್ನಾನದ ದಿನ ಹಣೆಗೆ ನೀರು ತಾಗಿದ್ದೇ ತಡ, ಮಗು ಸೂರು ಹಾರುವಂತೆ ಅರಚಿತು.

“ಗುಲಾಬಿ ಅಲ್ಲಮ್ಮ ಇದು, ರೋದನೆ” ಎಂದ ಮಗ.

“ಬಾಯಿ ಮುಚ್ಚೋ. ನೀನು ಇದರ ಎರಡರಷ್ಟು ಅರಚಿದ್ದೆ” ಎಂದು ಅತ್ತೆ ಮಗುವನ್ನು ಎತ್ತಿಕೊಂಡಳು.