ಪರೀಕ್ಷೆಯಲ್ಲಿ ಸಿಕ್ಕ ರಜೆ

ನಮ್ಮ ಆಫೀಸಿನಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಹೂಂ ಅಕ್ಕ ಎಂದೇ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿದೆ. ಹೊಸದೊಂದು ಆಪ್ ಜನರ ಕೈಗೆ ಹೋಗುವ ಮೊದಲು ಐದಾರು ಮಂದಿಯನ್ನು ಕರೆಸಿ, ಅವರ ಕೈಯಿಂದಲೇ ಅದನ್ನು ಬಳಸಿ ನೋಡಿಸುವುದು, ಎಲ್ಲಿ ಎಡವುತ್ತಾರೆಂದು ಗುರುತು ಮಾಡಿಕೊಳ್ಳುವುದು ಆಕೆಯ ಕೆಲಸ. ಎಡವಿದವರನ್ನು ಎತ್ತುವಂತಿಲ್ಲ. ಅದು ಈ ಕಸುಬಿನ ಮೊದಲ ಪಾಠ. ಬಂದವರು ತಪ್ಪು ಗುಂಡಿ ಒತ್ತಿ ಬೆವರುತ್ತಿದ್ದರೂ ಆಕೆ "ಹೂಂ" ಎನ್ನಬೇಕು, ಹೆಚ್ಚೆಂದರೆ "ಈಗ ಏನು ಯೋಚನೆ ಮಾಡ್ತಾ ಇದ್ದೀರಿ, ಬಾಯಿಬಿಟ್ಟು ಹೇಳಿ" ಎನ್ನಬೇಕು.

ಹನ್ನೊಂದು ವರ್ಷ ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕೂತು ಆಕೆಗೆ ಅದೇ ಹುಟ್ಟುಗುಣದಂತಾಗಿಬಿಟ್ಟಿದೆ. ಮಗ ಲೆಕ್ಕ ಬರಲಿಲ್ಲವೆಂದು ಪುಸ್ತಕ ಹಿಡಿದು ಬಂದರೆ "ನಿನಗೇನನ್ನಿಸುತ್ತೆ?" ಎನ್ನುತ್ತಾಳಂತೆ. ಅವನು ಈಗ ಲೆಕ್ಕ ಹೇಳಿಸಿಕೊಳ್ಳಲು ಚಿಕ್ಕಪ್ಪನ ಮನೆಗೆ ಹೋಗುತ್ತಾನೆ. ಗಂಡ ಕನ್ನಡಕ ಹುಡುಕುತ್ತ ಮನೆಯೆಲ್ಲ ಸುತ್ತುವಾಗ ಅದು ಅವನ ತಲೆಯ ಮೇಲಿರುವುದನ್ನು ನೋಡಿಯೂ ಆಕೆ ಸುಮ್ಮನಿದ್ದಳೆಂದು ಅವನೇ ನನ್ನೆದುರು ದೂರಿದ್ದ. "ಕೆಲಸ ಬಿಟ್ಟುಬಿಡಬಾರದಾ ಅಕ್ಕ?" ಎಂದು ನಾನೊಮ್ಮೆ ಕೇಳಿದೆ. "ಬಿಟ್ಟು ಏನು ಮಾಡ್ಲಿ? ಸುಮ್ನೆ ಕೂರೋದು ಬಿಟ್ರೆ ನನಗಿನ್ನೇನು ಬರುತ್ತೆ?" ಎಂದಳು. ನಗುತ್ತಲೇ ಹೇಳಿದಳು, ಆದರೆ ನನಗೆ ನಗು ಬರಲಿಲ್ಲ.

ಪರೀಕ್ಷೆ ನಡೆಯುವ ಕೋಣೆಗೆ ಕಿಟಕಿಯಿಲ್ಲ. ಒಂದು ಮೇಜು, ಎರಡು ಕುರ್ಚಿ, ಫೋನಿನ ಮೇಲೆ ಬಗ್ಗಿ ನಿಂತ ಕ್ಯಾಮೆರಾ. ಗೋಡೆಯ ಗಾಜು ಅವರ ಕಡೆಯಿಂದ ಕನ್ನಡಿ, ನಮ್ಮ ಕಡೆಯಿಂದ ಪಾರದರ್ಶಕ. ಗಾಜಿನ ಈಚೆ ಹೆಡ್‌ಫೋನ್ ಹಾಕಿಕೊಂಡು, ಯಾರು ಎಷ್ಟು ಸೆಕೆಂಡು ತಡವರಿಸಿದರು ಎಂದು ಬರೆಯುವವನು ನಾನು.

ಈ ಸಲ ಬಂದದ್ದು ಒಂದು ದೊಡ್ಡ ಆಸ್ಪತ್ರೆಯ ಕೆಲಸ. ಅಲ್ಲಿನ ನರ್ಸುಗಳು, ಆಯಾಗಳು, ಕಸ ಗುಡಿಸುವವರು ಇನ್ನು ಮುಂದೆ ಚೀಟಿ ಬರೆಯದೆ ಫೋನಿನಲ್ಲೇ ರಜೆ ಕೇಳಬೇಕಂತೆ. ಹೂಂ ಅಕ್ಕ ಎರಡು ವಾರ ಕೂತು ಯೋಜನೆ ಮಾಡಿದಳು. ಯಾರನ್ನು ಕರೆಯಬೇಕು, ಯಾವ ಕೆಲಸ ಕೊಡಬೇಕು, ಅದನ್ನು ಯಾವ ಮಾತಿನಲ್ಲಿ ಹೇಳಬೇಕು. ಪರದೆಯ ಮೇಲೆ "ರಜೆ ಅರ್ಜಿ" ಎಂಬ ಗುಂಡಿಯಿದ್ದರೆ ಬಾಯಲ್ಲಿ ರಜೆ ಎನ್ನಬಾರದು, ಹೇಳಿದರೆ ಉತ್ತರ ಹೇಳಿಕೊಟ್ಟಂತೆ. ಹಾಗಾಗಿ ಬಹಳ ಯೋಚಿಸಿ ಹೀಗೆ ಬರೆದಳು: "ಗುರುವಾರ ನಿಮ್ಮ ಮನೆಯಲ್ಲಿ ನೀವು ಇರಲೇಬೇಕಾದ ಸಂದರ್ಭ ಬಂದಿದೆ. ಏನು ಮಾಡುತ್ತೀರೋ ಇದರಲ್ಲಿ ಮಾಡಿ ತೋರಿಸಿ." ಗುರುವಾರ ಯಾಕೆಂದರೆ ಸುಮ್ಮನೆ, ಕೈಗೆ ಬಂದ ವಾರ.

ಸೋಮವಾರ ಐದು ಮಂದಿ ಬಂದರು. ಮೂವರು ಅರ್ಧಕ್ಕೇ ಕೈಚೆಲ್ಲಿದರು. ನಾಲ್ಕನೆಯವರು ಐವತ್ತು ದಾಟಿದ ಆಯಾ. ಹೂಂ ಅಕ್ಕ ಮೊದಲಿಗೆ ಎಂದಿನ ಮಾತು ಒಪ್ಪಿಸಿದಳು: "ನಾವು ಪರೀಕ್ಷೆ ಮಾಡ್ತಿರೋದು ನಿಮ್ಮನ್ನಲ್ಲ, ಆಪನ್ನ. ಇದಿನ್ನೂ ಮಾದರಿ. ನೀವಿಲ್ಲಿ ಆಡಿದ ಮಾತು ಆಸ್ಪತ್ರೆಯವರಿಗೆ ಹೋಗಲ್ಲ." ಹನ್ನೊಂದು ವರ್ಷ ಹೇಳಿದ ಮಾತು, ಒಂದೇ ಉಸಿರಿನಲ್ಲಿ ಹೊರಟುಹೋಯಿತು. ಆಯಾ ತಲೆಯಾಡಿಸಿ ಸಹಿ ಹಾಕಿದರು.

ಗುರುವಾರ ಎಂದೊಡನೆ ಅವರ ಮುಖ ಅರಳಿತು. "ಅದು ನಿಮಗೂ ಗೊತ್ತಾಯ್ತಾ? ಮಗಳಿಗೆ ಅವತ್ತೇ ಆಪರೇಷನ್ ಮಾಡಿ ಹೆರಿಗೆ. ಮೊದಲನೇ ಮಗು ಕೈಗೆ ಸಿಗಲಿಲ್ಲ. ಅಮ್ಮ ನೀನು ಪಕ್ಕದಲ್ಲಿ ಇರಲೇಬೇಕು ಅಂತ ಹಟ ಹಿಡಿದವಳೆ."

"ಹೂಂ," ಎಂದಳು ಹೂಂ ಅಕ್ಕ.

ಆಯಾ ಒಂದೊಂದೇ ಅಕ್ಷರ ಹುಡುಕಿ ಮಗಳ ಹೆರಿಗೆ ಎಂದು ಕಾರಣ ತುಂಬಿದರು. ನಡುನಡುವೆ ತಮ್ಮ ಮೇಲಿನ ಮೇಟ್ರನ್ನಮ್ಮನನ್ನು ಬಾಯಲ್ಲೇ ತೊಳೆದು ಒಣಗಿಹಾಕಿದರು. ಆಕೆ ರಜೆ ಚೀಟಿಯನ್ನು ಓದದೆಯೇ ಹರಿಯುತ್ತಾಳಂತೆ. ಹನ್ನೊಂದನೇ ನಿಮಿಷಕ್ಕೆ ಕೊನೆಯ ಪರದೆ ಬಂತು: ನಿಮ್ಮ ರಜೆ ಮಂಜೂರಾಗಿದೆ. ನಿರಾಕರಿಸಲಾಗಿದೆ ಎನ್ನುವ ಪರದೆಯನ್ನು ನಮ್ಮ ಡಿಸೈನಿನ ಹುಡುಗಿ ಇನ್ನೂ ಬರೆದೇ ಇರಲಿಲ್ಲ. ಆಯಾ ಆಪಿಗೆ ಐದಕ್ಕೆ ಐದು ಅಂಕ ಕೊಟ್ಟರು. ಆ ದಿನ ಪೂರ್ತಿ ಅಂಕ ಕೊಟ್ಟವರು ಅವರೊಬ್ಬರೇ.

ಬುಧವಾರ ಮಧ್ಯಾಹ್ನ ವರದಿಗೆಂದು ವಿಡಿಯೋ ಕತ್ತರಿಸುತ್ತಿದ್ದೆವು. ಸೋಮವಾರ ಹೂಂ ಅಕ್ಕ ಬಂದವರಿಗೆ ಕೊಡುವ ಉಡುಗೊರೆ ಕೂಪನ್ ತರಲು ಹೊರಗೆ ಹೋದಾಗಲೂ ಕ್ಯಾಮೆರಾ ಓಡುತ್ತಿತ್ತು. ನಾನೋ, ಹಸಿವೆಂದು ಹೆಡ್‌ಫೋನ್ ಕಿತ್ತಿಟ್ಟು ಎದ್ದುಹೋಗಿದ್ದೆ. ವಿಡಿಯೋದಲ್ಲಿ ಆಯಾ ತಮ್ಮ ಫೋನ್ ತೆಗೆದು ಮಗಳಿಗೆ ಹೇಳುತ್ತಿದ್ದರು: "ರಜಾ ಆಯ್ತು ಕಣೇ. ನಾನೇ ಹಾಕ್ದೆ, ತಕ್ಷಣ ಕೊಟ್ಬಿಟ್ರು. ಬುಧವಾರ ಸಂಜೆ ಬಸ್ಸಿಗೆ ಬರ್ತೀನಿ, ಅಳಬೇಡ."

ಹೂಂ ಅಕ್ಕನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನಮ್ಮಿಬ್ಬರಿಗೂ ಆಗ ಬಂತು.

ಹೇಳದೆ ಗೈರಾದದ್ದು ಈಗಾಗಲೇ ಎರಡು ಸಲ, ಮೂರನೆಯದಾದರೆ ಕೆಲಸದಿಂದ ತೆಗೆಯುತ್ತಾರೆ ಎಂದು ಆಯಾ ಅದೇ ವಿಡಿಯೋದಲ್ಲಿ ಹೇಳಿದ್ದರು. ಫೋನ್ ಮಾಡಿದರೆ ಆಫ್. ಡ್ಯೂಟಿಯಲ್ಲಿ ಫೋನನ್ನು ಲಾಕರಿನಲ್ಲಿಡಬೇಕು. ಮೇಟ್ರನ್‌ಗೆ ಹೇಳೋಣವೆಂದರೆ ಯಾರಿಗೂ ಹೇಳುವುದಿಲ್ಲವೆಂದು ಬರೆದುಕೊಟ್ಟವರು ನಾವೇ. ಅತ್ತ ದರಿ, ಇತ್ತ ಪುಲಿ. ಮ್ಯಾನೇಜರ್ ತಲೆಯೆತ್ತದೆ "ಮಾದರಿ ಅಂತ ಓದಿ ಹೇಳಿದ್ದೀರಲ್ಲ, ಸಹಿನೂ ಇದೆ. ನಮ್ಮ ತಪ್ಪಿಲ್ಲ" ಎಂದರು.

ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ನಿಂತೆವು. ಆಯಾ ಬಟ್ಟೆ ತುಂಬಿದ ಚೀಲ ಹೆಗಲಿಗೇರಿಸಿಕೊಂಡೇ ಹೊರಬಂದರು. ಹೂಂ ಅಕ್ಕ ಎಲ್ಲವನ್ನೂ ಹೇಳಿದಳು, ಸುತ್ತಿಬಳಸಲಿಲ್ಲ. ಅದು ಬರೀ ಚಿತ್ರ, ಎಲ್ಲಿಗೂ ಹೋಗಲಿಲ್ಲ, ರಜೆ ಸಿಕ್ಕಿಲ್ಲ.

ಆಯಾ ಚೀಲವನ್ನು ಫುಟ್‌ಪಾತಿನ ಮೇಲಿಟ್ಟರು. "ಅವತ್ತೇ ಯಾಕೆ ಹೇಳ್ಲಿಲ್ಲ? ಪಕ್ಕದಲ್ಲೇ ಕೂತಿದ್ರಲ್ಲ ನೀವು. ಹೆರಿಗೆ ಅಂತ ನಾನು ಬರೀವಾಗ ನೋಡ್ತಿದ್ರಲ್ಲ."

"ತಪ್ಪಾಯ್ತು. ನಾನು ಬಂದು ಮೇಟ್ರನ್ ಹತ್ರ ಮಾತಾಡ್ತೀನಿ. ತಪ್ಪು ನಂದು ಅಂತ ಹೇಳ್ತೀನಿ."

"ಬೇಡ. ನೀವು ಬಂದ್ರೆ ನಾನು ಎಲ್ಲಿಗೆ ಹೋಗಿದ್ದೆ, ಏನೇನು ಆಡಿದ್ದೆ ಅಂತ ಕೇಳ್ತಾರೆ. ವಿಡಿಯೋ ಬೇರೆ ಮಾಡ್ಕೊಂಡಿದ್ದೀರಿ." ಸ್ವಲ್ಪ ಹೊತ್ತು ಬಸ್‌ಸ್ಟ್ಯಾಂಡಿನ ದಿಕ್ಕಿಗೆ ನೋಡಿದರು. "ಚೀಟಿ ಆದ್ರೆ ವಾರ ಮುಂಚೆ ಕೊಡ್ಬೇಕು. ಈಗ ಕೊಟ್ರೆ ಮುಖಕ್ಕೇ ಎಸೀತಾಳೆ."

ಆಮೇಲೆ ಚೀಲ ಎತ್ತಿಕೊಂಡು ಮನೆಯ ಕಡೆ ನಡೆದರು. ಗುರುವಾರ ಬೆಳಗ್ಗೆ ಆರಕ್ಕೆ ಡ್ಯೂಟಿಗೆ ಹಾಜರಾದರೆಂದು ಆಮೇಲೆ ತಿಳಿಯಿತು.

ಆ ದಿನ ಹೂಂ ಅಕ್ಕ ವರದಿ ಬರೆದಳು. ನಾಲ್ಕನೆಯವರ ಸಾಲಿನಲ್ಲಿ "ಯಶಸ್ವಿ" ಎಂದಿದ್ದುದನ್ನು ಅಳಿಸಿದಳು. ಮ್ಯಾನೇಜರ್ ಮತ್ತೆ ಹಾಕಿಸಿದರು. ಆಯಾ ಕೊನೆಯ ಪರದೆ ಮುಟ್ಟಿದ್ದು ನಿಜ ತಾನೇ ಎಂದರು. ಹೂಂ ಅಕ್ಕ ವಾದ ಮಾಡಲಿಲ್ಲ. ಮಧ್ಯಾಹ್ನದ ಡಬ್ಬಿ ತೆರೆಯದೆಯೇ ಮನೆಗೆ ವಾಪಸು ಹೋಯಿತು.

ಶುಕ್ರವಾರ ಸಂಜೆ ಆಯಾ ತಾವಾಗಿಯೇ ಫೋನ್ ಮಾಡಿದರು. ಹೂಂ ಅಕ್ಕ ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿದಳು.

"ಹೆಣ್ಣುಮಗು. ಇಬ್ರೂ ಚೆನ್ನಾಗಿದ್ದಾರಂತೆ, ಅಳಿಯ ಹೇಳ್ದ. ಮಗಳು ಫೋನ್ ತೆಗೀತಿಲ್ಲ. ಬರ್ತೀನಿ ಅಂತ ಹೇಳಿ ಬರ್ಲಿಲ್ವಲ್ಲ, ಸಿಟ್ಟು." ದನಿಯಲ್ಲಿ ಜಗಳವಿರಲಿಲ್ಲ. "ಒಂದು ಕೇಳೋದಿತ್ತು. ಆ ಆಪ್ ಯಾವಾಗ ಬರುತ್ತೆ? ಬಾಣಂತನಕ್ಕಾದ್ರೂ ಹೋಗಿ ಬರೋಣ ಅಂತ. ಅದ್ರಲ್ಲಿ ಆದ್ರೆ ಕೂಡ್ಲೇ ಕೊಡ್ತಾರಲ್ಲ."

ಹೂಂ ಅಕ್ಕ ಕಣ್ಣು ಮುಚ್ಚಿಕೊಂಡಳು. "ಇಲ್ಲ. ಅದು ಬಂದ ಮೇಲೂ ರಜಾ ಕೊಡೋದು ನಿಮ್ಮ ಮೇಟ್ರನ್ನೇ."

"ಮತ್ತೆ ಅವತ್ತು ಅಷ್ಟು ಹೊತ್ತು ನನ್ನ ಕೈಲಿ ಏನು ಮಾಡಿಸಿದ್ರಿ?"

ಅತ್ತ ಕಡೆಯಿಂದ ಫೋನ್ ಇಟ್ಟ ಸದ್ದು ಕೇಳಿಸಿತು. ಸೋಮವಾರ ಒಂಬತ್ತಕ್ಕೆ ಎರಡನೇ ಸುತ್ತಿನ ಮೊದಲನೆಯವರು ಬರುವವರಿದ್ದರು, ಕುರ್ಚಿಗಳನ್ನು ಸರಿಪಡಿಸಿಟ್ಟು ಹೊರಟೆವು.