ಇಟಲಿಯಿಂದ ಬಂದ ಕೆಂಪು ದೇವರು

ಇತ್ತೀಚೆಗೆ ರಸ್ತೆಯಲ್ಲಿ ಹಂಪ್ ಕಂಡರೆ ನನ್ನ ಅಂಗೈ ಬೆವರುತ್ತದೆ. ಬೈಕಿನಿಂದ ಇಳಿದು, ಅದನ್ನು ತಳ್ಳಿಕೊಂಡು ಹಂಪ್ ದಾಟಿಸಿ, ಮತ್ತೆ ಹತ್ತಿ ಹೋಗುವ ಕನ್ನಡಕದ ಮನುಷ್ಯನೊಬ್ಬನನ್ನು ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ನೀವು ಕಂಡಿದ್ದರೆ ಅದು ನಾನೇ. ಮೊನ್ನೆ ಇಬ್ಬರು ಸಹಾಯಕ್ಕೆಂದು ಗಾಡಿ ನಿಲ್ಲಿಸಿದರು. ಗಾಡಿಗೇನೂ ಆಗಿಲ್ಲ, ನನಗೇ ಆಗಿದೆ ಎಂದು ಹೇಳಿ ಕಳಿಸಿದೆ.

ಇದಕ್ಕೆಲ್ಲ ನನ್ನ ಉದ್ಯೋಗವೇ ಮೂಲ. ಮಂಡ್ಯದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕ. ಕೈಗೆ ಬಂದ ಪ್ರತಿ ಪುಸ್ತಕದ ಬೆನ್ನಿಗೂ ಒಂದು ಸಂಖ್ಯೆ ಅಂಟಿಸಿ, ಅದು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಬರೆದಿಡುವುದು ನನ್ನ ಕೆಲಸ. ಕೆಲಸ ಕಾಲೇಜಿನಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಅದು ಮನೆಗೂ ಬಂತು. ಹೆಂಡತಿ ತವರಿನಿಂದ ತಂದ ಇಡ್ಲಿ ಪಾತ್ರೆಯನ್ನು ಬೋರಲು ಹಾಕಿ ತಳದ ಅಕ್ಷರ ಓದುತ್ತೇನೆ. ನೆಂಟರ ಮನೆಯ ಗೋಡೆ ಗಡಿಯಾರದ ಹಿಂಭಾಗ ನೋಡದೆ ಅವರ ಕಾಫಿ ನನಗೆ ಇಳಿಯುವುದಿಲ್ಲ. ಇಂಥವನ ತಾತ ಯುದ್ಧದಿಂದ ಇಟಲಿಯ ಸಾಮಾನು ತಂದಿಟ್ಟು ಹೋದರೆ ಆಗುವುದು ಇನ್ನೇನು?

ನಮ್ಮ ಊರು ನಿಡಘಟ್ಟದ ಪಕ್ಕ. ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಲಾರಿ ಓಡಿಸಲು ಆಫ್ರಿಕಾದ ಮರಳುಗಾಡಿಗೆ ಹೋಗಿದ್ದ. ಅಲ್ಲಿ ಶರಣಾದ ಇಟಲಿ ಸೈನಿಕರು ಬಿಟ್ಟುಹೋದ ವಸ್ತುಗಳ ರಾಶಿಯಿಂದ ನಾಲ್ಕು ಬಗೆಯನ್ನು ಆರಿಸಿಕೊಂಡು ಬಂದ. ಒಂದು ಹೆಲ್ಮೆಟ್ಟು, ಒಂದು ನೀರಿನ ಬಾಟಲಿ, ಆರು ಪುಟ್ಟ ಲೋಹದ ನಕ್ಷತ್ರ, ಮತ್ತೆ ಮುಷ್ಟಿಗಾತ್ರದ ಒಂದು ಗುಂಡನೆಯ ಡಬ್ಬಿ. ಜಗತ್ತಿನ ಬೇರೆ ಕಡೆ ಇಂಥವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ನಮ್ಮ ಮನೆಯಲ್ಲಿ ಯಾವುದಕ್ಕೂ ಸುಮ್ಮನೆ ಕೂತು ಉಣ್ಣುವ ಭಾಗ್ಯವಿಲ್ಲ. ಹೆಲ್ಮೆಟ್ಟು ಅಂಗಾತ ಮಲಗಿ ಕೋಳಿಗಳಿಗೆ ನುಚ್ಚು ಹಾಕುವ ಬಟ್ಟಲಾಯಿತು. ಬಾಟಲಿಯಲ್ಲಿ ಮಜ್ಜಿಗೆ ತುಂಬಿ ಕಬ್ಬಿನ ಗದ್ದೆಗೆ ಒಯ್ದರು. ನಕ್ಷತ್ರಗಳನ್ನು ಅಜ್ಜಿ ಕೂಸುಗಳ ಕುಲಾವಿಗೆ ಹೊಲಿದಳು. ಅವು ಇಟಲಿಯ ಸೈನಿಕರೆಲ್ಲ ಕೊರಳಪಟ್ಟಿಯ ಮೇಲೆ ಧರಿಸುತ್ತಿದ್ದ ನಕ್ಷತ್ರಗಳೆಂದು ನಾನು ಇಂಟರ್ನೆಟ್ಟಿನಲ್ಲಿ ಹುಡುಕಿ ಹೇಳಿದಾಗ ಚಿಕ್ಕಪ್ಪ, "ಅಂಗಾದ್ರೆ ನಮ್ಮನೇಲಿ ಹುಟ್ಟಿದೋರೆಲ್ಲಾ ಒಂದ್ ವರ್ಸ ಇಟ್ಲಿ ಮಿಲ್ಟ್ರೀಲಿದ್ದೋ ಅನ್ನು" ಎಂದ. ನನ್ನ ಸಂಶೋಧನೆಗೆ ಸಿಕ್ಕ ಮೊದಲ ಮನ್ನಣೆ ಅದು.

ಹುಡುಕುತ್ತ ಹೋದಂತೆ ಅದನ್ನೆಲ್ಲ ಮಾಡಿದ ಕೈಗಳ ಮೇಲೆ ನನಗೆ ಗೌರವ ಹುಟ್ಟಿತು. ಎಂಬತ್ತು ವರ್ಷ ಕೋಳಿಗಳು ಕುಕ್ಕಿದರೂ ಹೆಲ್ಮೆಟ್ಟಿಗೆ ತೂತು ಬಿದ್ದಿಲ್ಲ. ಹಳೆಯ ಸಾಮಾನು ಸಂಗ್ರಹಿಸುವವರ ಗುಂಪೊಂದರಲ್ಲಿ ಫೋಟೋ ಹಾಕಿದರೆ ಇಟಲಿಯಿಂದ ಯಾರೋ ಪುಣ್ಯಾತ್ಮ ಮೂರು ಪುಟ ಉತ್ತರ ಬರೆದ. ಕೊನೆಯಲ್ಲಿ, ಇನ್ನೇನಾದರೂ ಇದೆಯೇ ಎಂದು ಕೇಳಿದ್ದ.

ಇತ್ತು. ಆದರೆ ಅದರ ಫೋಟೋ ತೆಗೆಯುವಂತಿರಲಿಲ್ಲ. ಆ ಡಬ್ಬಿ ದೇವರಾಗಿತ್ತು.

ಆಯುಧ ಪೂಜೆಯ ದಿನ ನಮ್ಮಲ್ಲಿ ಅರಿಸಿನ ಕುಂಕುಮ ಬೀಳದ ವಸ್ತುವೇ ಇರುವುದಿಲ್ಲವೆಂದು ನಿಮಗೂ ಗೊತ್ತು. ನೇಗಿಲು, ಕುಡುಗೋಲು, ಟ್ರ್ಯಾಕ್ಟರು, ಮಿಕ್ಸಿ. ನಾನೇ ಲೈಬ್ರರಿಯ ಕಂಪ್ಯೂಟರಿಗೂ ಸ್ಟೇಪ್ಲರಿಗೂ ಬೊಟ್ಟಿಡುತ್ತೇನೆ. ವರ್ಷವೆಲ್ಲ ದುಡಿದದ್ದನ್ನು ಒಂದು ದಿನ ಕೆಳಗಿಟ್ಟು, ಇವತ್ತು ನಿನ್ನನ್ನು ಮುಟ್ಟುವುದಿಲ್ಲ ಎಂದು ಕೈಮುಗಿಯುವ ಹಬ್ಬ ಅದು. ನಮ್ಮ ಡಬ್ಬಿ ಮಾತ್ರ ವರ್ಷಕ್ಕೊಮ್ಮೆ, ಆ ದಿನವಷ್ಟೇ ಹೊರಗೆ ಬರುತ್ತಿತ್ತು. ಅಟ್ಟದ ಮೂಲೆಯ ಬುಟ್ಟಿಯಲ್ಲಿ, ಹತ್ತಿಯ ನಡುವೆ ಅದರ ವಾಸ. ಅಜ್ಜಿಯೊಬ್ಬಳೇ ಅದನ್ನು ಎರಡು ಕೈಯಲ್ಲಿ ಎತ್ತಿ ತಂದು ಮಡಿಸಿದ ಟವೆಲ್ಲಿನ ಮೇಲಿಟ್ಟು ಕುಂಕುಮ ಹಚ್ಚುತ್ತಿದ್ದಳು. ಈ ದೇವರ ಕಟ್ಟಳೆಗಳು ವಿಚಿತ್ರ. ಹತ್ತಿರ ಕರ್ಪೂರ ಹಚ್ಚಬಾರದು. ತೆಂಗಿನಕಾಯಿ, ಬೂದಗುಂಬಳ ಏನೇ ಒಡೆದರೂ ಬೀದಿಬಾಗಿಲಾಚೆ ಒಡೆಯಬೇಕು. ಮಕ್ಕಳು ಹೊಸ್ತಿಲಿನಿಂದಲೇ ಅಡ್ಡಬೀಳಬೇಕು. ಯಾಕೆಂದು ಕೇಳಿದರೆ, "ನಿಮ್ ತಾತ ಏಳವ್ರೆ, ಅದುಕ್ಕೆ ಜೀವ ಅದೆ" ಎನ್ನುತ್ತಿದ್ದಳು. ನಾನು ಓದಿಕೊಂಡವನು. ಇದನ್ನು ಅಜ್ಜಿಯ ಭಕ್ತಿ ಎಂದು ತಿಳಿದು ಮನಸ್ಸಿನಲ್ಲೇ ಒಂದು ಚೀಟಿ ಅಂಟಿಸಿ ಇಟ್ಟುಬಿಟ್ಟಿದ್ದೆ.

ಈ ಸಲ ಹಬ್ಬಕ್ಕೆ ವಾರ ಮುಂಚೆ ಊರಿಗೆ ಹೋದಾಗ ಅಜ್ಜಿ ಮುಂದಿನ ಬೀದಿಯ ನಾಮಕರಣಕ್ಕೆ ಹೋಗಿದ್ದಳು. ನಾನು ಅಟ್ಟ ಹತ್ತಿದೆ.

ಡಬ್ಬಿಯ ಮೇಲೆ ಹಕ್ಕಳೆ ಕಟ್ಟಿದ್ದ ಕುಂಕುಮದಡಿ ಅಕ್ಷರಗಳಿದ್ದಂತೆ ಕಂಡಿತು. ಬಚ್ಚಲಿಗೆ ಒಯ್ದು ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದೆ. ಅಡಿಯಿಂದ ಕೆಂಪು ಬಣ್ಣ ಎದ್ದು ಬಂತು, ಚಂದದ ಟೊಮೇಟೊ ಕೆಂಪು. ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಕಿವಿಯ ಬಳಿ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿದೆ. ಒಳಗೆ ಏನೋ ಕಟಕಟ ಅಂದಿತು. ಆ ಕಟಕಟ ಈಗಲೂ ನನ್ನ ಎಡಗಿವಿಯಲ್ಲಿದೆ. ಮಳವಳ್ಳಿಯಲ್ಲಿ ನಮ್ಮ ಕಾಲೇಜಿನ ಗುಮಾಸ್ತರ ಮಾವ, ಸೇನೆಯಿಂದ ನಿವೃತ್ತರಾದ ಸುಬೇದಾರರು ಇದ್ದಾರೆ. ಅವರಿಗೆ ತೋರಿಸಿದರೆ ಆಯಿತೆಂದು ಡಬ್ಬಿಯನ್ನು ಊಟದ ಚೀಲಕ್ಕೆ ಹಾಕಿ ಬೈಕಿನ ಹ್ಯಾಂಡಲಿಗೆ ನೇತುಹಾಕಿದೆ. ನಿಡಘಟ್ಟದಿಂದ ಮದ್ದೂರು. ಅಲ್ಲಿ ಹೋಟೆಲಿನಲ್ಲಿ ಚೀಲವನ್ನು ಬೆಂಚಿನ ಮೇಲೆ ಕುಕ್ಕಿ ವಡೆ ತಿಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊಮ್ಮಗಳಿಗೆ ವಡೆ ಮುರಿದು ಕೊಡುತ್ತಿದ್ದಳು. ರಾತ್ರಿ ಕಣ್ಣು ಮುಚ್ಚಿದರೆ ಬರುವುದು ಆ ಮಗುವಿನ ಮುಖ. ಮದ್ದೂರಿನಿಂದ ಮಳವಳ್ಳಿಗೆ ಎಷ್ಟು ಹಂಪ್ ಹಾರಿಸಿದೆನೋ ಲೆಕ್ಕವಿಟ್ಟಿರಲಿಲ್ಲ. ಈಗ ಇಟ್ಟಿದ್ದೇನೆ. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಚಿಕ್ಕಪ್ಪ. ಸಂಶೋಧನೆಯ ಮಧ್ಯೆ ಯಾರು ಎತ್ತುತ್ತಾರೆ?

ಸುಬೇದಾರರು ಜಗಲಿಯಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ನಾನು ಚೀಲದ ಬಾಯಿ ಅಗಲಿಸಿ ಅವರ ಮುಂದಿಟ್ಟೆ. ಅವರು ಒಮ್ಮೆ ಬಗ್ಗಿ ನೋಡಿದರು. ಸೊಪ್ಪಿನ ಕಟ್ಟನ್ನು ಮೊರದ ಮೇಲೆ ಮೆಲ್ಲಗೆ ಇಟ್ಟರು.

"ಮೇಷ್ಟ್ರೇ, ಕೈ ತಗೀರಿ. ಎದ್ದು ಇಂಗೆ ಬನ್ನಿ. ಓಡ್ಬೇಡಿ."

ಬೀದಿಗೆ ಬಂದಮೇಲೆ ಕೇಳಿದರು. "ಹೆಂಗೆ ತಂದ್ರಿ ಇದ್ನ?"

"ಬೈಕಲ್ಲಿ."

"ಹಂಪ್ಸಲ್ಲಿ ಸ್ಲೋ ಮಾಡಿದ್ರಾ?"

"ಇಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಪ್ಪ ಅಮ್ಮ ಪುಣ್ಯ ಮಾಡವ್ರೆ" ಎಂದರು. "ಅದು ಕೈಬಾಂಬು. ಬಿದ್ರೆ, ತಗುಲಿದ್ರೆ ಸಿಡಿಯೋ ಜಾತಿ. ಇನ್ನೂ ಬದುಕೈತೆ."

ಅಕ್ಕಪಕ್ಕದ ಮೂರು ಮನೆಗಳನ್ನು ಆ ಎಪ್ಪತ್ತು ದಾಟಿದ ಮನುಷ್ಯ ಹತ್ತೇ ನಿಮಿಷದಲ್ಲಿ, ಒಂದು ಮಾತೂ ಜೋರು ಮಾಡದೆ ಖಾಲಿ ಮಾಡಿಸಿದರು. ಪೊಲೀಸರಿಗೆ ಫೋನ್ ಮಾಡಿದರು. ನಾನು ಬೇವಿನ ಮರದ ಬುಡದಲ್ಲಿ ಕೂತೆ. ಆಗ ಮತ್ತೆ ಚಿಕ್ಕಪ್ಪನ ಫೋನು. ಎತ್ತಿದರೆ ಅಜ್ಜಿಯ ದನಿ.

"ಬದ್ಕಿದೀಯೇನ್ಲಾ?"

ಎಲ್ಲಿದ್ದೀಯ ಎಂದಲ್ಲ, ದೇವರನ್ನು ಯಾಕೆ ಮುಟ್ಟಿದೆ ಎಂದೂ ಅಲ್ಲ. ಆ ಒಂದು ಮಾತಿನಲ್ಲಿ ನನಗೆ ಎಲ್ಲ ತಿಳಿದುಹೋಯಿತು.

"ನಿಂಗೆ ಗೊತ್ತಿತ್ತಾ ಅಜ್ಜಿ?"

"ಗೊತ್ತಿಲ್ದೆ ಏನು? ಕೆಳ್ಗೆ ಮಡ್ಗಿದೀಯಾ? ಮಡುಗ್ಬುಟ್ಟು ದೂರ ಓಗು. ಆಮ್ಯಾಕೆ ಬೈತೀನಿ."

ಸಂಜೆ ಬಾಂಬು ತಂಡದವರು ಬಂದು, ಊರಾಚೆ ಬೀಳುನೆಲದಲ್ಲಿ ಮರಳಿನ ಮೂಟೆ ಪೇರಿಸಿ ಅದನ್ನು ಸಿಡಿಸಿದರು. ತೆಂಗಿನ ಮರಗಳಿಂದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಅದನ್ನು ಹತ್ತಿಯಲ್ಲಿಟ್ಟಿದ್ದರೆಂದು ನಾನು ಹೇಳಿದಾಗ ಅವರ ಮುಖ್ಯಸ್ಥ, "ಯಾರ್ರೀ ಅದು, ನಮ್ಮವರ ಹಾಗೆ ಇಟ್ಟಿರೋದು?" ಎಂದು ಕೇಳಿದ. ನಮ್ಮಜ್ಜಿ ಎಂದೆ. ಅಷ್ಟು ಹೆಮ್ಮೆಯಿಂದ ನಾನು ನನ್ನ ಡಿಗ್ರಿಯ ಹೆಸರನ್ನೂ ಎಂದೂ ಹೇಳಿರಲಿಲ್ಲ.

ಮಾರನೆಯ ದಿನ ಬೈಸಿಕೊಳ್ಳಲು ಊರಿಗೆ ಹೋದೆ. ತೊಂಬತ್ತರ ಅಂಚಿನ ಅಜ್ಜಿ ಬೈಯುವುದನ್ನು ಪೂರೈಸಿ ಕಥೆ ಹೇಳಿದಳು. ತಾತ ಅದನ್ನು ಖಾಲಿ ಡಬ್ಬಿಯೆಂದೇ ತಂದಿದ್ದನಂತೆ. ಮದುವೆಯಾದ ಹೊಸದರಲ್ಲಿ ಅವನ ಜೊತೆಯ ಸೈನಿಕನೊಬ್ಬ ಮನೆಗೆ ಬಂದಾಗ ನೋಡಿ, ಇದು ಸಿಡಿಯದೆ ಉಳಿದದ್ದು ಎಂದು ಹೇಳಿದ. ಸರ್ಕಾರಕ್ಕೆ ತಿಳಿಸಿದರೆ ಜೈಲೆಂದು ತಾತನಿಗೆ ಹೆದರಿಕೆ. ಬಾವಿಗೆ ಹಾಕೋಣವೆಂದರೆ ಹೂಳೆತ್ತುವವರು ಇಳಿಯುತ್ತಾರೆ. ಹೂಳೋಣವೆಂದರೆ ಯಾವತ್ತೋ ನೇಗಿಲು ತಗುಲುತ್ತದೆ. ನಾಲೆಗೆ ಎಸೆದರೆ ಮೀನು ಹಿಡಿಯುವವರ ಬಲೆ. ಜನ ಕಾಲಿಡದ, ಕೈಹಾಕದ ಜಾಗವೆಂದು ನಮ್ಮ ಸೀಮೆಯಲ್ಲಿ ಒಂದೂ ಇಲ್ಲವೆಂದು ಇಬ್ಬರೂ ಕೂತು ಯೋಚಿಸಿದಾಗಲೇ ಗೊತ್ತಾದದ್ದಂತೆ.

"ಬಾಂಬು ಅಂತ ನಮ್ಗಾದ್ರೂ ಏಳ್ಬಾರ್ದಾಗಿತ್ತಾ ಅವ್ವ?" ಎಂದ ಚಿಕ್ಕಪ್ಪ. ಅವನಿಗೂ ಅರವತ್ತು ದಾಟಿದೆ.

"ನಿಂಗಾ? ನೀನೂ ನಿಮ್ಮಣ್ಣನೂ ಸುಮ್ಕಿರೋ ಐಕ್ಳಾ? ಬಾಂಬು ಅಂದಿದ್ರೆ ಮಾರ್ನೆ ದಿವ್ಸವೇ ಎಸ್ದು ನೋಡ್ತಿದ್ರಿ. ದೇವ್ರು ಅಂದೆ. ಒಬ್ರೂ ಮುಟ್ನಿಲ್ಲ." ನನ್ನ ಕಡೆ ತಿರುಗಿದಳು. "ಓದ್ದೋನು ಬಂದ ನೋಡು, ಹುಣಸೆಹಣ್ಣು ತಕಂಡು."

ಭಯವನ್ನು ಕೈಮುಗಿಯುವ ವಸ್ತುವನ್ನಾಗಿ ಮಾಡಿ ಎರಡು ತಲೆಮಾರಿನ ತುಂಟರನ್ನು ಹೊಸ್ತಿಲಾಚೆ ನಿಲ್ಲಿಸಿದವಳು ಅವಳು. ಮದ್ದಿನ ಬಗ್ಗೆ ಓದಿದವಳಲ್ಲ. ಮಕ್ಕಳನ್ನು ಮಾತ್ರ ಚೆನ್ನಾಗಿ ಓದಿದ್ದಳು. ಲೈಬ್ರರಿಯಲ್ಲಿ 'ಮುಟ್ಟಬೇಡಿ' ಎಂದು ನಾನು ಅಂಟಿಸಿದ ಚೀಟಿಯನ್ನೇ ಕಿತ್ತು ಒಯ್ಯುವವರಿದ್ದಾರೆ. ಅವಳ ಒಂದು ಚಿಟಿಕೆ ಕುಂಕುಮದ ಮಾತು ಅಷ್ಟು ವರ್ಷ ನಡೆಯಿತು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿ ಕಾರು ತರಲು ಹೇಳಿದ. ಹೋದರೆ ಅಜ್ಜಿ ಸೀರೆಗಳನ್ನು ಚೀಲಕ್ಕೆ ತುಂಬಿ ಜಗಲಿಯಲ್ಲಿ ಕೂತಿದ್ದಾಳೆ. ಮಳವಳ್ಳಿಯಾಚೆ ಬ್ಲಫ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಅತ್ತೆ ಅಲ್ಲಿಗೆ ಸೊಸೆಯಾಗಿ ಹೋಗಿ ಐವತ್ತು ವರ್ಷವಾಗಿದೆ. ಬಾಣಂತನಗಳಿಗೂ ಅಜ್ಜಿ ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬಂದವಳು. ಅವ್ವ ನನ್ನ ಮನೆಯಲ್ಲಿ ಒಂದು ರಾತ್ರಿ ತಂಗಲಿಲ್ಲವೆಂದು ಅತ್ತೆ ಪ್ರತಿ ಮದುವೆಮನೆಯಲ್ಲೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜಿಗೆ ಜಂಬ ಎಂದು ನೆಂಟರೆಲ್ಲ ತೀರ್ಮಾನಿಸಿ ಯಾವುದೋ ಕಾಲವಾಗಿತ್ತು.

ಕಾರಿಗೆ ಹತ್ತಿಸುತ್ತ ಕೇಳಿದೆ. "ಎಷ್ಟ್ ದಿನ ಇರ್ತೀಯ ಅಜ್ಜಿ? ಯಾವಾಗ ಬಂದು ಕರ್ಕೊಂಡ್ ಬರ್ಲಿ?"

ಅಜ್ಜಿ ಸೀಟಿನಲ್ಲಿ ಕಾಲು ಮಡಿಸಿಕೊಂಡು ನೆಟ್ಟಗೆ ಕೂತಳು. ಅಟ್ಟದಲ್ಲಿ ಇನ್ನು ಕಾಯಬೇಕಾದದ್ದೇನೂ ಉಳಿಯದ ಮನೆಯ ಕಡೆ ತಿರುಗಿ ನೋಡಲಿಲ್ಲ.

"ಓಗೋಕ್ ಮುಂಚೇನೇ ಬರೋದ್ ಕೇಳ್ತೀಯಲ್ಲಾ ನೀನು. ನೋಡಾಣ ನಡಿ. ಮನ್ಸು ಬಂದಾಗ ಬತ್ತೀನಿ."