ಶಾಲೆಯ ಆ್ಯಪ್‌ಗೆ ನಿದ್ದೆ ಬಂದಿತ್ತು

ಸಂಭಾಜಿನಗರದ ಹಾಸ್ಟೆಲ್‌ನಲ್ಲಿ ಓದುವ ಮಗಳ ನಾಟಕ ನೋಡಲು ರಜೆ ಹಾಕಿ ನಾಶಿಕದಿಂದ ಬೆಳಗಿನ ಬಸ್ಸಿಗೆ ಹೋದೆ. ಶಾಲೆಯಲ್ಲಿ ಪೆಂಡಾಲ್ ಬಿಚ್ಚುತ್ತಿದ್ದರು. ನಾಟಕ ನಿನ್ನೆಯೇ ಮುಗಿದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಆಫೀಸಿನ ಕ್ಲರ್ಕ್ ಮ್ಯಾಡಂ ಎದುರು ನನ್ನ ಹರಕುಮುರುಕು ಹಿಂದಿಯಲ್ಲೇ ಕೂಗಾಡಿದೆ. “ದಿನ ಬದಲಾದರೆ ತಿಳಿಸೋದು ಬೇಡವಾ? ಒಂದು ನೋಟಿಫಿಕೇಶನ್ನೂ ಬಂದಿಲ್ಲ!”

ಆಕೆ ಶಾಂತವಾಗಿ ನನ್ನ ಫೋನ್ ಇಸಿದುಕೊಂಡು ಸೆಟ್ಟಿಂಗ್ಸ್ ತೆರೆದರು.

“ಸಾಹೇಬ್, ನಮ್ಮ ಆ್ಯಪ್ ಮಲಗಿದೆ. ತಿಂಗಳುಗಟ್ಟಲೆ ತೆರೆಯದ ಆ್ಯಪನ್ನು ಬ್ಯಾಟರಿ ಉಳಿಸೋದಕ್ಕೆ ಫೋನೇ ಮಲಗಿಸುತ್ತೆ. ನೀವು ಇದನ್ನ ಯಾವಾಗ ತೆರೆದಿದ್ರಿ?”

ತೆರೆದದ್ದು ಅಡ್ಮಿಷನ್ ದಿನ ಮಾತ್ರ. ಆದರೆ ಬಾಗಿಲಲ್ಲಿ ಮಗಳು ಬಂದು ನಿಂತಿದ್ದಳು.

“ದಿನಾ ತೆರೀತೀನಿ” ಅಂದೆ.

ಆಗಲೇ ಮ್ಯಾಡಂ ಕೈಯಲ್ಲಿದ್ದ ಫೋನ್ ಟಿಂಗ್ ಎಂದಿತು. ನನ್ನ ರಾಶಿಭವಿಷ್ಯದ ಆ್ಯಪ್. “ಮಿಥುನ: ಇಂದು ನಿಮ್ಮ ಪ್ರಯಾಣ ಸಫಲ” ಎಂದು ಆಕೆ ಗಟ್ಟಿಯಾಗಿ ಓದಿದರು. “ಇದನ್ನ ದಿನಾ ತೆರೀತೀರಿ, ಸಾಹೇಬ್.”

ಮಗಳು ಇಣುಕಿ ನೋಡಿದಳು. “ಪಪ್ಪಾ, ನಾಟಕ ನಿನ್ನೆ ಅಂತ ಇದಕ್ಕ ಗೊತ್ತಿರಲಿಲ್ಲೇನು?”

ವಾಪಸು ಬರುವಾಗ ಬಸ್ಸಿನಲ್ಲೇ ಆ ಭವಿಷ್ಯದ ಆ್ಯಪನ್ನು ಕಿತ್ತುಹಾಕಿದೆ. ನಾಳೆಯದನ್ನು ಓದಿಕೊಂಡ ಮೇಲೆ.